ಹಿತ್ತಲಿನ ಸ್ಥಾವರ

ಸಗಣಿಯಿಂದ ಅಡುಗೆಯ ಅನಿಲವನ್ನು ಪಡೆಯುವ ಏರ್ಪಾಡಿಗೆ ಹಳ್ಳಿಯವರು ಗೋಬರ್ ಗ್ಯಾಸ್ ಎನ್ನುತ್ತಾರೆ. ಸರ್ಕಾರದ ಕಾಗದಪತ್ರಗಳಲ್ಲಿ ಅದಕ್ಕೆ ‘ಜೈವಿಕ ಅನಿಲ ಸ್ಥಾವರ’ವೆಂಬ ಗಂಭೀರವಾದ ಹೆಸರಿದೆ. ಸ್ಥಾವರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸಮಾಜದ ಬಂಧುಗಳಿಗೆ ಜಂಗಮವೆಂಬ ಮಾತೂ ನೆನಪಾಗದಿರದು. ನೆಲದೊಳಗೆ ಇಟ್ಟಿಗೆ ಗಾರೆಗಳಿಂದ ಕಟ್ಟಿ, ಮೇಲೆ ಮಣ್ಣು ಮುಚ್ಚಿದ ಗುಂಡಿಗೆ ಸ್ಥಾವರವೆಂಬ ಹೆಸರು ಮೇಲ್ನೋಟಕ್ಕೆ ಒಪ್ಪುವಂಥದೇ. ಆದರೆ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ, 1992ರಿಂದ ಅದನ್ನು ನಡೆಸಿಕೊಂಡು ಬಂದ ಅನುಭವದಿಂದ ಹೇಳುವುದಾದರೆ, ದಿನವೂ ಉಣಿಸನ್ನು ಬೇಡುವ, ಒಂದು ವಾರ ಮರೆತರೆ ಮುನಿಸಿಕೊಳ್ಳುವ, ಒಳಗೆ ಬಂದದ್ದನ್ನು ಹೊರಗೆ ಕಳಿಸುತ್ತಲೇ ಇರುವ ಇಂಥ ಇನ್ನೊಂದು ವಸ್ತು ನಮ್ಮ ಮನೆಯಲ್ಲಿಲ್ಲ. ಅದು ನಿಂತ ದಿನವೇ ನಿಜವಾಗಿ ಸ್ಥಾವರವಾಗುತ್ತದೆ.

ಉಜ್ವಲ ಯೋಜನೆ 2016ರಲ್ಲಿ ಬಂದ ಮೇಲೆ ಸಿಲಿಂಡರು ಬಡವರ ಮನೆಯನ್ನೂ ಮುಟ್ಟಿದೆ. ಇಂಥ ಕಾಲದಲ್ಲಿ ಬೆಳಗಾಗೆದ್ದು ಸಗಣಿ ಕಲಸುವ ಗೊಡವೆ ಏಕೆಂದು ನಮ್ಮನ್ನು ಕೇಳುವವರು ಅನೇಕರು. ಅವರಿಗೆ ಬಾಯಿಮಾತಿನಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಅದಕ್ಕೆ ಮುಂಚಿನ ನಮ್ಮ ಅಡುಗೆಮನೆಯನ್ನು ಕಂಡವರಿಗೆ ಉತ್ತರ ಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ರೇಷ್ಮೆ ಸಾಕುವವರ ಮನೆಗೆ ಸೌದೆಯ ಕೊರತೆ ತಕ್ಕಮಟ್ಟಿಗೆ ಕಡಿಮೆ. ಹುಳುಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ಗರಿ, ಕರಟ, ಇವಿಷ್ಟರಲ್ಲೇ ವರ್ಷದ ಬಹುಪಾಲು ಕಳೆಯುತ್ತದೆ. ಆದರೆ ಹಿಪ್ಪುನೇರಳೆ ಕಡ್ಡಿ ಸರಸರನೆ ಉರಿದು ಬೂದಿಯಾಗುವ ಜಾತಿಯದು, ಒಲೆಯ ಮುಂದಿನಿಂದ ಏಳಗೊಡದು. ಮಳೆಗಾಲದಲ್ಲಿ ಕಡ್ಡಿಯೂ ಬೆರಣಿಯೂ ತೇವಗೊಂಡಾಗ ಊದುಗೊಳವೆ ಹಿಡಿದು ಕುಳಿತರೆ ಕಣ್ಣೀರು ಮೂಗುಗಳಿಗೆ ಭೇದವಿರುತ್ತಿರಲಿಲ್ಲ. ಎಂಟು ಜನರ ಮನೆ. ಎರಡು ಹೊತ್ತು ಮುದ್ದೆ. ನಮ್ಮ ತಾಯಿಯವರು ನಲವತ್ತು ವರ್ಷ ಆ ಒಲೆಯ ಮುಂದೆ ಕುಳಿತವರು. ರಾತ್ರಿಯ ಕೆಮ್ಮು ಅವರಿಗೆ ಅಭ್ಯಾಸವಾಗಿತ್ತು, ಕೇಳುವ ನಮಗೆ ಆಗಿರಲಿಲ್ಲ.

ಈ ವಿದ್ಯೆ ಹೊಸತೇನಲ್ಲ. ಜಶ್‌ಭಾಯಿ ಪಟೇಲರೆಂಬ ಮಹನೀಯರು 1950ರ ದಶಕದಲ್ಲಿ ‘ಗ್ರಾಮಲಕ್ಷ್ಮಿ’ಯೆಂಬ ಹೆಸರಿನ ಮಾದರಿಯನ್ನು ರೂಪಿಸಿದರು. ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮು ಮಗುಚಿಟ್ಟು, ಅನಿಲ ತುಂಬಿದಂತೆ ಅದು ಮೇಲೇಳುವ ಈ ಬಗೆಯ ಮಾದರಿಯನ್ನು 1960ರ ದಶಕದ ಆರಂಭದಿಂದ ಖಾದಿ ಗ್ರಾಮೋದ್ಯೋಗ ಆಯೋಗ ದೇಶದಲ್ಲೆಲ್ಲ ಹರಡಿತು. ಡ್ರಮ್ಮಿಗೆ ತುಕ್ಕು ಹಿಡಿಯುವುದೊಂದು ಕಷ್ಟ, ವರ್ಷವರ್ಷವೂ ಬಣ್ಣ ಬಳಿಯಬೇಕು. ಮುಂದೆ 1984ರಲ್ಲಿ ಕಬ್ಬಿಣದ ಗೊಡವೆಯಿಲ್ಲದ, ಇಟ್ಟಿಗೆಯ ಗುಮ್ಮಟದ ‘ದೀನಬಂಧು’ ಮಾದರಿ ಬಂದಿತು. ಹೆಸರೇ ಹೇಳುವಂತೆ ಅದು ಖರ್ಚು ಕಡಿಮೆ ಮಾಡಲೆಂದು ಹುಟ್ಟಿದ್ದು. ನಾವು ಆರಿಸಿಕೊಂಡದ್ದು ಇದನ್ನೇ, ದಿನಕ್ಕೆ 3 ಘನಮೀಟರ್ ಅನಿಲ ಕೊಡುವ ಅಳತೆಯದನ್ನು. ಒಂದು ಘನಮೀಟರಿಗೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಆಗ ನಮ್ಮ ಕೊಟ್ಟಿಗೆಯಲ್ಲಿ ಎರಡು ಎತ್ತು, ಮೂರು ಹಸು, ಎರಡು ಎಮ್ಮೆಗಳಿದ್ದುದರಿಂದ 75 ಕಿಲೋ ಸಗಣಿಗೆ ಅಭಾವವಿರಲಿಲ್ಲ.

ಕಟ್ಟುವ ಕೆಲಸವನ್ನು ನೋಡುವುದೇ ಒಂದು ಸಂತೋಷ. ಕೊಟ್ಟಿಗೆಗೂ ಅಡುಗೆಮನೆಗೂ ಹತ್ತಿರವಿರಬೇಕು, ಬಾವಿಗೆ ದೂರವಿರಬೇಕು, ಬಿಸಿಲು ಚೆನ್ನಾಗಿ ಬೀಳಬೇಕು. ಈ ಮೂರೂ ಕೂಡಿದ ಜಾಗ ನಮ್ಮ ಹಿತ್ತಲಲ್ಲಿ ಇದ್ದದ್ದು ಒಂದೇ, ಅಲ್ಲೊಂದು ನುಗ್ಗೆಯ ಮರವಿತ್ತು. ಮರ ಹೋಯಿತು. ಗಾರೆ ಕೆಲಸದವರು ಗುಂಡಿಯ ನಡುವಿಗೆ ಒಂದು ಗೂಟ ನೆಟ್ಟು, ಅದಕ್ಕೆ ದಾರ ಕಟ್ಟಿ, ದಾರದ ತುದಿ ಮುಟ್ಟುವಲ್ಲಿಗೆ ಒಂದೊಂದು ಇಟ್ಟಿಗೆಯನ್ನೂ ತಂದು ಕೂಡಿಸುತ್ತಿದ್ದರು. ಕೆಳಗೆ ಹಲಗೆಯ ಆಸರೆಯಿಲ್ಲ, ಅಚ್ಚಿಲ್ಲ. ಆ ದಾರದ ಅಳತೆಯೊಂದರಿಂದಲೇ ಗುಮ್ಮಟ ತಾನಾಗಿ ಮೇಲೆ ಕೂಡಿಬಂದಿತು. ಒಳಗಡೆ ಗಾರೆ ಬಳಿಯುವಾಗ ಮಾತ್ರ ಅವರು ನಮ್ಮನ್ನು ಮಾತಾಡಗೊಡಲಿಲ್ಲ. ಕೂದಲೆಳೆಯಷ್ಟು ಬಿರುಕಿದ್ದರೂ ಅನಿಲ ನಿಲ್ಲದು ಎಂಬುದು ಅವರ ಆತಂಕ.

ಮೊದಲ ಸಲ ತುಂಬಿಸಲು ಮೂರು ಟನ್ನಿನಷ್ಟು ಸಗಣಿ ಬೇಕಾಯಿತು. ಮನೆಯ ತಿಪ್ಪೆಯಲ್ಲಿ ಅಷ್ಟೆಲ್ಲಿ? ಕೇರಿಯ ಬಂಧುಗಳ ಕೊಟ್ಟಿಗೆಗಳಿಂದ ಗಾಡಿಯ ಮೇಲೆ ಗಾಡಿ ಬಂದಿತು. ಸಗಣಿಯನ್ನು ಸಾಲ ತಂದ ಮನೆಯೆಂದು ಕೆಲಕಾಲ ನಮ್ಮನ್ನು ನಗೆಯಾಡಿದ್ದುಂಟು. ಮಾರನೆಯ ವರ್ಷ ಬಗ್ಗಡದ ಗೊಬ್ಬರವಾಗಿ ಆ ಸಾಲವನ್ನು ತೀರಿಸಿದೆವು.

ಗುಂಡಿ ತುಂಬಿ, ಅನಿಲ ಹುಟ್ಟಲು ಕಾಯುತ್ತಿದ್ದ ದಿನಗಳಲ್ಲೇ ನಮ್ಮ ತಾಯಿಯವರು ಒಂದು ಪ್ರಶ್ನೆ ಎತ್ತಿದರು. “ಸಗಣಿ ಗ್ಯಾಸಲ್ಲಿ ಬೆಂದ ಅನ್ನಾನ ಲಿಂಗಕ್ಕೆ ಎಡೆ ಹಿಡಿಯಾಕಾಯ್ತದಾ ಮಗಾ?” ನಮ್ಮಲ್ಲಿ ಉತ್ತರವಿರಲಿಲ್ಲ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಲಿಂಗಾರ್ಪಿತವಾಗದ ತುತ್ತನ್ನು ಬಾಯಿಗಿಡದೆ ಬಾಳಿದ ಜೀವಕ್ಕೆ ಇದು ಅಡುಗೆಯ ಪ್ರಶ್ನೆಯಾಗಿರಲಿಲ್ಲ, ವ್ರತದ ಪ್ರಶ್ನೆಯಾಗಿತ್ತು. ಅವರು ಒಪ್ಪದಿದ್ದರೆ ಒಂದೇ ಮನೆಯಲ್ಲಿ ಎರಡು ಒಲೆ ಉರಿಯಬೇಕಾಗುತ್ತಿತ್ತು. ಹೊಗೆಯ ಒಲೆಯ ಮುಂದೆ ಮತ್ತೆ ಅವರೇ ಕುಳಿತಿರುತ್ತಿದ್ದರು. ಆ ಸೋಮವಾರ ಮನೆಗೆ ಬಿಜಯಂಗೈದಿದ್ದ ಅಯ್ಯನವರ ಮುಂದೆ ಅದನ್ನೇ ಇಟ್ಟರು. ಅಯ್ಯನವರು ನಕ್ಕು, “ಅವ್ವಾ, ನಿಮ್ಮ ಹಣೆ ಮೇಲಿರೋ ವಿಭೂತಿ ಯಾತರಿಂದ ಆದದ್ದು?” ಎಂದರು. ತಾಯಿಯವರು ಮರುಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಂಗಾದ್ರೆ ಕಕ್ಕಸಿನ ಪೈಪು ಅದಕ್ಕೆ ಸೇರಿಸ್ಬ್ಯಾಡಿ” ಎಂದು ಒಂದು ಷರತ್ತು ಹಾಕಿದರು. ಕೆಲವೆಡೆ ಶೌಚಾಲಯವನ್ನೂ ಗುಂಡಿಗೆ ಜೋಡಿಸುತ್ತಾರೆ, ವಿಜ್ಞಾನದ ದೃಷ್ಟಿಯಿಂದ ಅದು ಸರಿಯೇ. ನಮ್ಮ ಮನೆಯಲ್ಲಿ ಇಂದಿಗೂ ಜೋಡಿಸಿಲ್ಲ.

ಮೊದಲು ಬಂದ ಅನಿಲ ಉರಿಯದು. ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು. ಕೆಲವು ದಿನ ಅದನ್ನು ಹೊರಗೆ ಬಿಟ್ಟುಬಿಡಬೇಕು. ಮೀಥೇನಿನ ಭಾಗ ನೂರಕ್ಕೆ 55-60ರ ಹತ್ತಿರಕ್ಕೆ ಬಂದಾಗ ಜ್ವಾಲೆ ನಿಲ್ಲುತ್ತದೆ. ಮೂರನೆಯ ವಾರದ ಒಂದು ಸಂಜೆ ಬೆಂಕಿಕಡ್ಡಿ ಗೀರಿದಾಗ ಪುಸ್ಸೆಂದು ಆರಿಹೋಗದೆ ಉಂಗುರದಂತೆ ನೀಲಿ ಉರಿ ನಿಂತಿತು. ಬೆಳಕಿನಲ್ಲಿ ಅದು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲವೆಂದು ದೀಪ ಆರಿಸಿ, ಮನೆಯವರೆಲ್ಲ ಕತ್ತಲಲ್ಲಿ ನಿಂತು ನೋಡಿದೆವು. ಪಾತ್ರೆಯ ತಳಕ್ಕೆ ಮಸಿಯಿಲ್ಲ, ಹೊಗೆಯಿಲ್ಲ. ಒಂದೇ ತೊಡಕೆಂದರೆ ಮುದ್ದೆ ತೊಳಸುವುದು. ಕೋಲು ಹಾಕಿ ಬಲವಾಗಿ ತಿರುವಿದರೆ ಹಗುರವಾದ ಒಲೆಯೇ ಪಾತ್ರೆಯೊಡನೆ ತಿರುಗುತ್ತಿತ್ತು. ನೆಲಮಟ್ಟದಲ್ಲಿ ಸಿಮೆಂಟಿನ ಕಟ್ಟೆ ಮಾಡಿ ಒಲೆಯ ಕಾಲುಗಳನ್ನು ಅದರಲ್ಲಿ ಹುಗಿದ ಮೇಲೆ ಅದೂ ಸರಿಹೋಯಿತು. ಮುದ್ದೆಯನ್ನು ಗಮನಿಸದೆ ಮಾಡಿದ ಒಲೆ ನಮ್ಮ ಸೀಮೆಗೆ ಒಲೆಯಲ್ಲ. ತಾಯಿಯವರ ಕೆಮ್ಮು ಪೂರ್ತಿ ಹೋಯಿತೆಂದರೆ ಅತಿಶಯೋಕ್ತಿಯಾದೀತು. ರಾತ್ರಿ ನಿದ್ದೆ ಬರುವಷ್ಟು ತಗ್ಗಿತು. ಅವರು 2009ರಲ್ಲಿ ಲಿಂಗೈಕ್ಯರಾಗುವವರೆಗೂ ಎಡೆಯ ಅನ್ನ ಆ ಉರಿಯಲ್ಲೇ ಬೆಂದಿತು.

ಇನ್ನು ಅದನ್ನು ನಡೆಸಿಕೊಂಡು ಹೋಗುವ ವಿಷಯ. ಬೆಳಿಗ್ಗೆ ಸಗಣಿಗೆ ಸಮತೂಕದ ನೀರು ಸೇರಿಸಿ, ಹುಲ್ಲು ಕಲ್ಲುಗಳನ್ನು ಕೈಯಿಂದಲೇ ಆರಿಸಿ ತೆಗೆದು, ಗಂಟಿಲ್ಲದಂತೆ ಕಲಸಿ ಬಿಡಬೇಕು. ಹುಲ್ಲು ಹೋದರೆ ಮೇಲೆ ಕೆನೆಗಟ್ಟಿ ಅನಿಲವನ್ನು ತಡೆಯುತ್ತದೆ. ಕಲ್ಲು ಮಣ್ಣು ಹೋದರೆ ತಳದಲ್ಲಿ ಕೂತು ಗುಂಡಿಯ ಹೊಟ್ಟೆಯನ್ನೇ ಕಿರಿದಾಗಿಸುತ್ತದೆ. ಹೀಗೆ ಹೋದ ಸಗಣಿ ಸುಮಾರು ನಲವತ್ತು ದಿನ ಒಳಗಿದ್ದು ಬಗ್ಗಡವಾಗಿ ಹೊರಬರುತ್ತದೆ. ಅನಿಲದೊಡನೆ ಬರುವ ನೀರಾವಿ ಕೊಳವೆಯಲ್ಲಿ ತಣಿದು ನಿಲ್ಲುವುದರಿಂದ ಕೊಳವೆಯ ತಗ್ಗಿನಲ್ಲಿರುವ ತಿರುಪನ್ನು ವಾರಕ್ಕೊಮ್ಮೆ ಬಿಚ್ಚಿ ನೀರು ಬಿಡಬೇಕು. ಉರಿ ಉಸಿರು ಕಟ್ಟಿದಂತೆ ಏಳುತ್ತಾ ಬೀಳುತ್ತಾ ಇದ್ದರೆ ನೀರು ನಿಂತಿದೆಯೆಂದೇ ಅರ್ಥ. ಉರಿ ಹಳದಿಯಾದರೆ ಗಾಳಿ ಸಾಲದು. ಕೀಲುಗಳಲ್ಲಿ ಸೋರಿಕೆಯ ಅನುಮಾನ ಬಂದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೋ ನೋಡಬೇಕು, ಬೆಂಕಿಕಡ್ಡಿ ಗೀರಿ ನೋಡುವ ಜಾಣತನ ಯಾರಿಗೂ ಬೇಡ. ಮಾಗಿಯ ಚಳಿಯಲ್ಲಿ ಅನಿಲ ತಗ್ಗುತ್ತದೆ, ಒಳಗಿನ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿಯ ಆಸುಪಾಸಿನ ಬೆಚ್ಚಗು ಇಷ್ಟ. ಆಗ ಕಲಸುವ ನೀರನ್ನು ಬಿಸಿಲಿಗಿಟ್ಟು ಹಾಕುವುದು ನಮ್ಮ ಮನೆಯ ಪದ್ಧತಿ.

ಎಲ್ಲಕ್ಕಿಂತ ನಾಜೂಕಾದದ್ದು ರೇಷ್ಮೆಯ ಮನೆಗೂ ಇದಕ್ಕೂ ಇರುವ ವೈರ. ಹುಳು ಸಾಕುವ ಮನೆಯಲ್ಲಿ ರೋಗಾಣುಗಳೆಂದರೆ ಶತ್ರುಗಳು. ಪ್ರತಿ ಬೆಳೆಗೂ ಮುನ್ನ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಗೋಡೆ, ತಟ್ಟೆ, ಚಂದ್ರಿಕೆಗಳನ್ನೆಲ್ಲ ತೊಳೆಯುತ್ತೇವೆ, ಸುಣ್ಣ ಎರಚುತ್ತೇವೆ. ಅದೇ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ, ನೆಲದೊಳಗೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳನ್ನು ಹಸುಗೂಸಿನಂತೆ ಸಾಕುತ್ತಿದ್ದೇವೆ. ಅಲ್ಲಿಯ ತೊಳೆದ ನೀರು ಇಲ್ಲಿಗೆ ಒಂದು ಬಿಂದಿಗೆ ಹರಿದುಬಂದರೂ ಉರಿ ಮಂಕಾದೀತು. ಹೀಗಾಗಿ ಹುಳುಮನೆಯ ಚರಂಡಿಯನ್ನು ಬೇರೆ ದಿಕ್ಕಿಗೆ ತಿರುಗಿಸಿದೆವು. ಕೊಟ್ಟಿಗೆ ತೊಳೆಯಲು ಫಿನಾಯಿಲನ್ನು ನಿಷೇಧಿಸಿದೆವು. ಹೊರಬಂದ ಬಗ್ಗಡ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತದೆ, ಸೊಪ್ಪು ಹುಳುವಿಗೆ, ಗೂಡು ರಾಮನಗರದ ಮಾರುಕಟ್ಟೆಗೆ. ವೈರಿಗಳಿಬ್ಬರನ್ನೂ ಒಂದೇ ಮನೆಯಲ್ಲಿ ಕಾದಾಡದಂತೆ ಇಟ್ಟಿರುವುದು ನಮ್ಮ ಸಂಸಾರದ ಸಣ್ಣ ಹೆಮ್ಮೆ.

ನಮ್ಮ ಕಾಲದಲ್ಲೇ ಸುತ್ತಮುತ್ತ ಕಟ್ಟಿದ ಎಷ್ಟೋ ಗುಂಡಿಗಳು ಇಂದು ಇಲ್ಲ. ಒಂದರ ಮೇಲೆ ಕಣ ಮಾಡಿದ್ದಾರೆ, ಇನ್ನೊಂದರಲ್ಲಿ ಮಳೆನೀರು ನಿಂತಿದೆ. ಅವು ಕೆಟ್ಟದ್ದು ಕಟ್ಟಡದ ದೋಷದಿಂದಲೇ ಎಂದು ನಮಗನ್ನಿಸುವುದಿಲ್ಲ. ಸಹಾಯಧನ ಕಟ್ಟುವುದಕ್ಕೆ ಸಿಗುತ್ತಿತ್ತು. ಒಂದು ಕವಾಟ ಸವೆದಾಗ ಅದನ್ನು ಬದಲಿಸಿಕೊಡುವವರು ಸಿಗುತ್ತಿರಲಿಲ್ಲ. ಹತ್ತಿಪ್ಪತ್ತು ರೂಪಾಯಿನ ಸಾಮಾನಿಗಾಗಿ ಸಾವಿರಾರು ರೂಪಾಯಿನ ಗುಮ್ಮಟ ಹೂತುಹೋಯಿತು. ಉತ್ತರ ಕನ್ನಡದ ಶಿರಸಿಯ ಕಡೆ ಹಾಗಾಗಲಿಲ್ಲ. ಅಲ್ಲಿ ಕಟ್ಟಿಕೊಟ್ಟ ಸ್ಥಳೀಯ ಉದ್ಯಮಿಗಳೇ ದುರಸ್ತಿಯ ಹೊಣೆಯನ್ನೂ ಹೊತ್ತಿದ್ದರಿಂದ ಗುಂಡಿಗಳು ಚೆನ್ನಾಗಿ ನಡೆಯುತ್ತಿವೆಯೆಂದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ನಮಗೆ ಅಂಥ ಭಾಗ್ಯವಿರಲಿಲ್ಲವಾಗಿ ಕವಾಟ, ವಾಷರು, ಕೊಳವೆಯ ತುಂಡುಗಳ ಒಂದು ಡಬ್ಬಿ ನಮ್ಮ ನಡುಮನೆಯ ಗೂಡಿನಲ್ಲಿ ಸದಾ ಇರುತ್ತದೆ. ಚನ್ನಪಟ್ಟಣದ ಸಂತೆಗೆ ಹೋದಾಗಲೆಲ್ಲ ಅದಕ್ಕೊಂದು ಸಾಮಾನು ಸೇರುತ್ತದೆ.

ಕೆಲಸ ಯಾರದೆಂಬ ಮಾತೂ ಇದೆ. ಗಂಡಸರು ಯಂತ್ರದ ಗುಣ ವರ್ಣಿಸುವುದು, ಹೆಂಗಸರು ಸಗಣಿ ಕಲಸುವುದು, ಇದು ಬಹುಪಾಲು ಮನೆಗಳ ಕ್ರಮ. ಇಂಥ ಮನೆಯಲ್ಲಿ ಸಿಲಿಂಡರು ಬಂದ ದಿನವೇ ಗುಂಡಿ ಮುಚ್ಚಿದರೆ ನಾವು ಹೆಣ್ಣುಮಕ್ಕಳನ್ನು ದೂರುವುದಿಲ್ಲ. ಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿ ಹಿಡಿದ ಶರಣೆ ಸತ್ಯಕ್ಕನನ್ನು ಸ್ಮರಿಸುವ ನಾವು, ಅಂಗಳದ ಕೆಲಸ ಬಂದಾಗ ಪತ್ರಿಕೆ ಓದುತ್ತ ಕೂರುವುದು ತರವಲ್ಲ. ನಮ್ಮಲ್ಲಿ ಕಲಸುವುದು ಪಾಳಿಯ ಮೇಲೆ ನಡೆಯುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗನಿಗೂ ಒಂದು ದಿನದ ಪಾಳಿ ಉಂಟು. ಅವನು ಮೂಗು ಮುಚ್ಚಿಕೊಳ್ಳದೆ ಮಾಡುತ್ತಾನೆ ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ಅನ್ಯಾಯವಾದೀತು.

ಮನೆಯಲ್ಲಿ ಬೇರೆ ಸಾಧನಗಳಿಲ್ಲವೆಂದಲ್ಲ. ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರವಿದೆ, ಕರೆಂಟು ಹೋದಾಗ ದೀಪ ಉರಿಸುವ ಯುಪಿಎಸ್ ಇದೆ. ಅದರ ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವುದೂ ನಮ್ಮ ಕೆಲಸವೇ. ಆದರೆ ಅವು ಕೆಟ್ಟರೆ ಯಾರನ್ನಾದರೂ ಕರೆಸಬೇಕು. ಇದರ ಒಳಹೊರಗು ಮಾತ್ರ ನಮ್ಮ ಕೈಗೆ ತಿಳಿದಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ದಾಸೋಹದ ಒಲೆ ಹಿಂದಿನ ಶ್ರೀಗಳ ಕಾಲದಿಂದ ಆರಿಲ್ಲವೆಂದು ಭಕ್ತರಲ್ಲಿ ಪ್ರತೀತಿಯಿದೆ. ನಮ್ಮ ಸೀಮೆಯ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರವರೆಗೆ ಅದಕ್ಕೆ ಕಾವಲಾಗಿದ್ದರು. ಅಷ್ಟು ದೊಡ್ಡದರೊಡನೆ ಹಿತ್ತಲಿನ ಗುಂಡಿಯನ್ನು ಹೋಲಿಸುವ ಧಾರ್ಷ್ಟ್ಯ ನಮಗಿಲ್ಲ. ಒಲೆ ಆರದಂತೆ ನೋಡಿಕೊಳ್ಳುವುದರ ಸುಖವೇನೆಂಬುದು ಮಾತ್ರ ಸ್ವಲ್ಪ ತಿಳಿದಿದೆ.

ಈಚಿನ ವರ್ಷಗಳಲ್ಲಿ ಆ ಒಲೆಗೇ ಸಂಚಕಾರ ಬಂದಿತ್ತು. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದಿತು, ಎಮ್ಮೆಗಳು ಹೋದವು. ಈಗ ಉಳಿದಿರುವುದು ಮೂರು ಸೀಮೆಹಸು. ಎಂಟು ಜನರಿದ್ದ ಮನೆಯಲ್ಲೂ ನಾಲ್ವರೇ ಇರುವುದರಿಂದ, ದಿನಕ್ಕೆ 40 ಕಿಲೋ ಸಗಣಿಯಿಂದ ಬರುವ ಒಂದೂವರೆ ಘನಮೀಟರ್ ಅನಿಲ ಹೇಗೋ ಸಾಕಾಗುತ್ತದೆ. ಲೆಕ್ಕ ಹಾಕಿದರೆ ಅದು ಮೂರು ವಾರಕ್ಕೊಂದು ಸಿಲಿಂಡರಿಗೆ ಸಮ. ಹಸುವೂ ಜನವೂ ಒಟ್ಟಿಗೇ ಕಡಿಮೆಯಾದ್ದರಿಂದ ಕೊರತೆ ಗೊತ್ತಾಗಲಿಲ್ಲವೆಂಬುದನ್ನು ನೆನೆದಾಗ ಸಮಾಧಾನವೂ ಆಗುತ್ತದೆ, ಇನ್ನೇನೋ ಆಗುತ್ತದೆ. ಕಳೆದ ಶಿವರಾತ್ರಿಗೆ ಬಂದ ಮಕ್ಕಳು, “ಅಪ್ಪಾಜಿ, ನಿಮಗೂ ವಯಸ್ಸಾಯ್ತು, ಹಸು ಮಾರಿಬಿಡೋಣ, ಅಮ್ಮನಿಗೂ ಸೊಂಟ ನೋವು” ಎಂದರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಸಗಣಿ ನಿಂತ ತಿಂಗಳೊಪ್ಪತ್ತಿನಲ್ಲಿ ಉರಿ ನಿಲ್ಲುತ್ತದೆ, ಒಳಗಿನದು ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಎಬ್ಬಿಸುವುದು ಹೊಸದನ್ನು ಕಟ್ಟುವಷ್ಟೇ ಕಷ್ಟ.

ಆಗ ನೆನಪಾದದ್ದು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ವನ್ನು ಹುಟ್ಟುಹಾಕಿದ ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ಅಲ್ಲಿ ಇಡೀ ಊರಿಗೆ ಸೇರಿದ ಗೋಬರ್ ಅನಿಲ ಸ್ಥಾವರವನ್ನು ನಿಲ್ಲಿಸಿದ್ದರು. ಊರಿನ ಅಡುಗೆಗೆಲ್ಲ ಅನಿಲ ಸಾಲದೆಂದು ಕಂಡಾಗ 1987ರಲ್ಲಿ ಅದರಿಂದಲೇ ಯಂತ್ರ ನಡೆಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಮನೆಮನೆಯವರು ಸಗಣಿ ತಂದು ಕೊಡುತ್ತಿದ್ದರು. ಬಗ್ಗಡವನ್ನು ತಮ್ಮ ಪಾಲಿನ ಗೊಬ್ಬರವಾಗಿ ಒಯ್ಯುತ್ತಿದ್ದರು. ಊರಿಗೆ ಊರೇ ಹಾಗೆ ಕೊಟ್ಟು ತೆಗೆದುಕೊಂಡು ನಡೆಸಿದ್ದನ್ನು ಎರಡು ಮನೆಗಳು ನಡೆಸಲಾರವೆ?

ನಮ್ಮ ಪಕ್ಕದ ಮನೆಯವರು ನಾಲ್ಕು ಸೀಮೆಹಸು ಸಾಕಿ ಡೈರಿಗೆ ಹಾಲು ಹಾಕುತ್ತಾರೆ, ತಿಪ್ಪೆಗೆ ಜಾಗವಿಲ್ಲದೆ ಒದ್ದಾಡುತ್ತಾರೆ. ಅವರ ಯಜಮಾನರೊಡನೆ ಮಾತಾಡಿದೆವು. ಸಗಣಿ ಅವರದು, ಗುಂಡಿ ನಮ್ಮದು. ಬಗ್ಗಡದಲ್ಲಿ ಅರ್ಧ ಅವರ ತೋಟಕ್ಕೆ, ಅನಿಲದಲ್ಲಿ ಒಂದು ಪಾಲು ಅವರ ಒಲೆಗೆ. ನಮ್ಮ ಹಸುಗಳಲ್ಲಿ ಎರಡನ್ನು ಮಾರಿ, ಒಂದನ್ನು ಉಳಿಸಿಕೊಂಡೆವು. ಅವರ ಸೊಸೆ ಮೊದಲ ದಿನ ಬುಟ್ಟಿ ಇಳಿಸಿ, “ಅಜ್ಜಿ, ಹುಲ್ಲು ಎಷ್ಟು ಸಣ್ಣದಾದ್ರೂ ಆರಿಸ್ಬೇಕಾ?” ಎಂದು ನಮ್ಮ ಮನೆಯವರನ್ನು ಕೇಳಿದರು. ಬೆರಳುದ್ದದ್ದೆಲ್ಲ ಆರಿಸು ಮಗಳೇ ಎಂದರು.

ಎರಡು ಮನೆಗಳ ನಡುವಿನ ಗೋಡೆಯಲ್ಲಿ ಕೊಳವೆಗೆ ರಂಧ್ರ ತೆಗೆಸಿದ್ದಾಗಿದೆ. ಅವರ ಹಳೆಯ ಸಿಲಿಂಡರಿನ ಒಲೆ ಈ ಅನಿಲಕ್ಕೆ ಒಗ್ಗದು, ಇದರ ಒತ್ತಡ ಕಡಿಮೆಯಾದ್ದರಿಂದ ರಂಧ್ರ ದೊಡ್ಡದಿರುವ ಬರ್ನರೇ ಬೇಕು, ಅದನ್ನೂ ತರಿಸಿದ್ದೇವೆ. ಕೊಳವೆ ಅವರ ಅಡುಗೆಮನೆಯಿಂದ ನಮ್ಮ ಹಿತ್ತಲ ಕಡೆಗೆ ಇಳಿಜಾರಾಗಿರಬೇಕು, ಇಲ್ಲವಾದರೆ ನೀರು ಅವರ ಕಡೆ ನಿಂತೀತು. ಭಾನುವಾರ ಅವರ ಮಗನಿಗೆ ರಜೆ, ಅಂದು ನೀರುಮಟ್ಟದ ಟ್ಯೂಬು ಹಿಡಿದು ಇಬ್ಬರೂ ಕೂಡಿ ಅದನ್ನು ನೋಡಬೇಕಾಗಿದೆ.